ಮೇಕ್ ಎಂಬ ಮೇಸ್ತ್ರಿ

ಮನೆ ಕಟ್ಟುವ ಸ್ಥಳದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಕಲ್ಲು ಕೆತ್ತುವವರು, ಗಾರೆ ಕಲಸುವವರು, ಮರಗೆಲಸದವರು ತಮ್ಮ ತಮ್ಮ ಕಾರ್ಯದಲ್ಲಿ ಮಗ್ನರಾಗಿರುತ್ತಾರೆ. ಅವರ ನಡುವೆ ಕಲ್ಲನ್ನು ಹೊರದೆ, ಗಾರೆಯನ್ನೂ ಕಲಸದೆ ಓಡಾಡುವ ಒಬ್ಬ ವ್ಯಕ್ತಿಯಿರುತ್ತಾನೆ. ಅವನೇ ಮೇಸ್ತ್ರಿ. ತಳಪಾಯ ಗಟ್ಟಿಯಾಗುವ ಮೊದಲು ಗೋಡೆ ಏಳಬಾರದು. ಬಾಗಿಲುವಾಡ ನಿಂತ ಮೇಲೆಯೇ ಅದರ ಪಕ್ಕದ ಗೋಡೆ ಮೇಲೇರಬೇಕು. ಗೋಡೆ ಒಣಗಿದ ಮೇಲೆಯೇ ಸುಣ್ಣ. ಯಾವುದು ಮೊದಲು, ಯಾವುದು ಅನಂತರ ಎಂಬ ಅರಿವೇ ಮೇಸ್ತ್ರಿಯ ಬಂಡವಾಳ. ಆ ಅರಿವಿಲ್ಲದಿದ್ದರೆ ನುರಿತ ಕೆಲಸಗಾರರು ನೂರು ಮಂದಿ ಇದ್ದರೂ ಮನೆ ನಿಲ್ಲುವುದಿಲ್ಲ.

ಗಣಕಯಂತ್ರದ ತಂತ್ರಾಂಶವೂ ಹೀಗೆಯೇ ಹಂತಹಂತವಾಗಿ ಕಟ್ಟಲ್ಪಡುವ ವಸ್ತು. ಅಲ್ಲಿಯೂ ಒಬ್ಬ ಮೇಸ್ತ್ರಿ ಬೇಕು. ಆ ಕೆಲಸವನ್ನು ನಿರ್ವಹಿಸುವ ತಂತ್ರಾಂಶಕ್ಕೆ ‘ನಿರ್ಮಾಣ ಸಾಧನ’ ಎಂದು ಹೆಸರು. ಅಂಥ ಸಾಧನಗಳ ಪೈಕಿ ಅತ್ಯಂತ ಪ್ರಸಿದ್ಧವಾದುದು ‘ಮೇಕ್’. ಇದು 1976ರಲ್ಲಿ ಹುಟ್ಟಿತು. ಅಂದಿನಿಂದ ಇಂದಿನವರೆಗೂ ಇದರ ಬಳಕೆ ನಿಂತಿಲ್ಲ. ಇದು ಹುಟ್ಟಿದ ಬಗೆ, ಕೆಲಸ ಮಾಡುವ ರೀತಿ, ಇದನ್ನು ಗಣಕಯಂತ್ರದಲ್ಲಿ ಅಳವಡಿಸುವ ಕ್ರಮ – ಈ ಮೂರನ್ನೂ ತಿಳಿದವರಿಗೆ ಗಣಕಯಂತ್ರದ ಸ್ವಭಾವವೇ ಒಂದಿಷ್ಟು ಅರ್ಥವಾಗುತ್ತದೆ.

ಮನುಷ್ಯನು ಬರೆಯುವ ಕಾರ್ಯಕ್ರಮವನ್ನು ಗಣಕಯಂತ್ರವು ನೇರವಾಗಿ ಅರಿಯಲಾರದು. ಅದಕ್ಕೆ ತಿಳಿಯುವುದು ಸೊನ್ನೆ ಮತ್ತು ಒಂದುಗಳಿಂದಾದ ಯಂತ್ರಭಾಷೆ ಮಾತ್ರ. ಆದ್ದರಿಂದ ಕಾರ್ಯಕ್ರಮಕಾರನು ‘ಸಿ’ಯಂತಹ ಒಂದು ಭಾಷೆಯಲ್ಲಿ ಮೂಲಪಾಠವನ್ನು ಬರೆಯುತ್ತಾನೆ. ‘ಕಂಪೈಲರ್’ ಎಂಬ ತಂತ್ರಾಂಶ ಅದನ್ನು ಯಂತ್ರಭಾಷೆಗೆ ಅನುವಾದಿಸುತ್ತದೆ. ದೊಡ್ಡ ಕಾರ್ಯಕ್ರಮವಾದರೆ ಮೂಲಪಾಠವು ಒಂದೇ ಕಡತದಲ್ಲಿರುವುದಿಲ್ಲ. ಹತ್ತಾರು, ನೂರಾರು, ಕೆಲವೊಮ್ಮೆ ಸಾವಿರಾರು ಕಡತಗಳಲ್ಲಿ ಹಂಚಿಹೋಗಿರುತ್ತದೆ. ಪ್ರತಿಯೊಂದನ್ನೂ ಬೇರೆಬೇರೆಯಾಗಿ ಅನುವಾದಿಸಿ, ಕೊನೆಗೆ ಎಲ್ಲವನ್ನೂ ಒಂದಾಗಿ ಬೆಸೆದಾಗ ಬಳಕೆಗೆ ಯೋಗ್ಯವಾದ ತಂತ್ರಾಂಶ ಸಿದ್ಧವಾಗುತ್ತದೆ.

ಒಂದು ಶಾಲೆಯ ಪರೀಕ್ಷಾ ಫಲಿತಾಂಶವನ್ನು ಸಿದ್ಧಪಡಿಸುವ ಕಾರ್ಯಕ್ರಮವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರಲ್ಲಿ ಮೂರು ಕಡತಗಳಿವೆಯೆಂದು ಭಾವಿಸೋಣ. ‘ಓದು’ ಎಂಬ ಕಡತವು ವಿದ್ಯಾರ್ಥಿಗಳ ಅಂಕಗಳನ್ನು ಓದಿಕೊಳ್ಳುತ್ತದೆ. ‘ಕೂಡು’ ಎಂಬುದು ಮೊತ್ತ ಮಾಡುತ್ತದೆ. ‘ಮುದ್ರಿಸು’ ಎಂಬುದು ಪಟ್ಟಿಯನ್ನು ಅಚ್ಚುಮಾಡುತ್ತದೆ. ಇವಲ್ಲದೆ ‘ವಿಷಯಗಳು’ ಎಂಬ ನಾಲ್ಕನೆಯ ಚಿಕ್ಕ ಕಡತವೊಂದಿದೆ. ಒಟ್ಟು ಎಷ್ಟು ವಿಷಯಗಳ ಪರೀಕ್ಷೆ ಎಂಬುದನ್ನು ಅದರಲ್ಲಿ ಬರೆದಿಡಲಾಗಿದೆ. ಮೊದಲ ಮೂರು ಕಡತಗಳೂ ಆ ಸಂಖ್ಯೆಯನ್ನು ಅಲ್ಲಿಂದಲೇ ಪಡೆದುಕೊಳ್ಳುತ್ತವೆ.

ಮುದ್ರಣದ ಕ್ರಮವನ್ನು ಮಾತ್ರ ಬದಲಿಸಬೇಕಾಗಿ ಬಂದರೆ ‘ಮುದ್ರಿಸು’ ಕಡತವೊಂದನ್ನೇ ಮತ್ತೆ ಅನುವಾದಿಸಿ ಬೆಸೆದರೆ ಸಾಕು. ಚಟ್ನಿಗೆ ಉಪ್ಪು ಕಡಿಮೆಯಾಯಿತೆಂದು ಯಾರೂ ಇಡ್ಲಿಯ ಅಕ್ಕಿಯನ್ನು ಮತ್ತೆ ನೆನೆಹಾಕುವುದಿಲ್ಲ. ಆದರೆ ವಿಷಯಗಳ ಸಂಖ್ಯೆಯೇ ಆರರಿಂದ ಏಳಕ್ಕೆ ಏರಿದರೆ ಮೂರು ಕಡತಗಳನ್ನೂ ಹೊಸದಾಗಿ ಅನುವಾದಿಸಬೇಕು. ಆತುರದಲ್ಲಿ ‘ಕೂಡು’ ಕಡತವನ್ನು ಮರೆತುಬಿಟ್ಟರೆ ಏನಾಗುತ್ತದೆ? ಅಂಕಗಳನ್ನು ಓದುವ ಭಾಗವು ಏಳು ವಿಷಯಗಳನ್ನು ಓದುತ್ತದೆ. ಮೊತ್ತ ಮಾಡುವ ಭಾಗವು ಹಳೆಯ ಲೆಕ್ಕದಂತೆ ಆರನ್ನೇ ಕೂಡುತ್ತದೆ. ಮೂಲಪಾಠದಲ್ಲಿ ಒಂದಕ್ಷರವೂ ತಪ್ಪಿಲ್ಲ. ಆದರೂ ಓದಿ ಉತ್ತೀರ್ಣಳಾದ ವಿದ್ಯಾರ್ಥಿನಿಯೊಬ್ಬಳ ಹೆಸರಿನ ಮುಂದೆ ಅನುತ್ತೀರ್ಣ ಎಂದು ಅಚ್ಚಾಗಬಹುದು. ತಪ್ಪನ್ನು ಹುಡುಕಲು ಮೂಲಪಾಠವನ್ನು ಎಷ್ಟು ಸಲ ತಿರುವಿಹಾಕಿದರೂ ಅದು ಸಿಕ್ಕುವುದಿಲ್ಲ. ಏಕೆಂದರೆ ತಪ್ಪು ಅಲ್ಲಿಲ್ಲ. ಅದು ಇರುವುದು ಕಟ್ಟಿದ ಕ್ರಮದಲ್ಲಿ.

ಇಂಥದೇ ತೊಡಕೊಂದು ಮೇಕ್‌ನ ಹುಟ್ಟಿಗೆ ಕಾರಣವಾಯಿತು. ಅಮೆರಿಕದ ನ್ಯೂಜೆರ್ಸಿ ಪ್ರಾಂತದ ಮರ್ರೆ ಹಿಲ್ ಎಂಬಲ್ಲಿ ಬೆಲ್ ಪ್ರಯೋಗಾಲಯವಿದೆ. 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ರಚನೆಗೆ ತೊಡಗಿದ್ದು ಆ ಸಂಸ್ಥೆಯಲ್ಲಿಯೇ. ಸಿ ಭಾಷೆ ರೂಪುಗೊಂಡದ್ದೂ ಅಲ್ಲಿಯೇ. ಆ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಎಂಬ ವಿಜ್ಞಾನಿಯಿದ್ದರು. ಒಂದು ದಿನ ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಅವರು ಬೇಸರದಿಂದ ಶಪಿಸುತ್ತ ಅವರ ಕೊಠಡಿಗೆ ಬಂದರು. ಜಾನ್ಸನ್ ಸಾಮಾನ್ಯರಲ್ಲ, ‘ಯಾಕ್’ ಎಂಬ ಹೆಸರಾಂತ ತಂತ್ರಾಂಶದ ಕರ್ತೃ. ಅಂಥವರು ತಪ್ಪೇ ಇಲ್ಲದ ಕಾರ್ಯಕ್ರಮದಲ್ಲಿ ತಪ್ಪು ಹುಡುಕುತ್ತ ಇಡೀ ಬೆಳಗಿನ ಹೊತ್ತನ್ನು ಕಳೆದುಕೊಂಡಿದ್ದರು. ದೋಷವನ್ನು ಅವರು ಮೊದಲೇ ತಿದ್ದಿದ್ದರು. ಆದರೆ ತಿದ್ದಿದ ಕಡತವನ್ನು ಮತ್ತೆ ಅನುವಾದಿಸುವುದು ಮರೆತುಹೋಗಿತ್ತು. ಗಣಕಯಂತ್ರವು ಹಳೆಯ ಅನುವಾದವನ್ನೇ ಬೆಸೆದುಕೊಂಡು, ಹಳೆಯ ತಪ್ಪನ್ನೇ ತೋರಿಸುತ್ತಿತ್ತು.

ಹಿಂದಿನ ಸಂಜೆ ಫೆಲ್ಡ್‌ಮನ್ ಅವರಿಗೂ ಅದೇ ಅನುಭವವಾಗಿತ್ತು. ಇಬ್ಬರು ಬುದ್ಧಿವಂತರು ಒಂದೇ ಬಗೆಯಲ್ಲಿ ಮೋಸಹೋದರೆ ದೋಷವು ಅವರ ಬುದ್ಧಿಯದಲ್ಲ, ಕೆಲಸದ ಕ್ರಮದ್ದು ಎಂದು ಅವರು ಅರಿತರು. ನೆನಪಿಡುವ ಹೊಣೆಯನ್ನು ಮನುಷ್ಯನ ಮೇಲಿನಿಂದ ಇಳಿಸಿ ಯಂತ್ರಕ್ಕೆ ವಹಿಸಬೇಕೆಂಬ ಆಲೋಚನೆ ಅಲ್ಲಿ ಹುಟ್ಟಿತು. ಅದರ ಫಲವೇ ಮೇಕ್. 1979ರಲ್ಲಿ ಫೆಲ್ಡ್‌ಮನ್ ಅವರು ಅದನ್ನು ಕುರಿತು ವಿದ್ವತ್ ಲೇಖನವೊಂದನ್ನು ಪ್ರಕಟಿಸಿದರು. 2003ರಲ್ಲಿ ಅಮೆರಿಕದ ಗಣಕ ವಿಜ್ಞಾನಿಗಳ ಸಂಘವಾದ ಎ.ಸಿ.ಎಂ. ಈ ಸಾಧನೆಗಾಗಿ ಅವರಿಗೆ ತನ್ನ ತಂತ್ರಾಂಶ ಪ್ರಶಸ್ತಿಯನ್ನು ನೀಡಿ ಗೌರವಿಸಿತು.

ಮೇಕ್ ಕೆಲಸ ಮಾಡುವ ರೀತಿ ಬಹು ಸರಳ. ಕಾರ್ಯಕ್ರಮಕಾರನು ‘ಮೇಕ್‌ಫೈಲ್’ ಎಂಬ ಹೆಸರಿನ ಕಡತವೊಂದನ್ನು ಬರೆದಿಡುತ್ತಾನೆ. ಅದರಲ್ಲಿ ಒಂದರ ಕೆಳಗೊಂದರಂತೆ ನಿಯಮಗಳಿರುತ್ತವೆ. ಪ್ರತಿಯೊಂದು ನಿಯಮದಲ್ಲಿಯೂ ಮೂರು ಅಂಗಗಳು: ಸಿದ್ಧವಾಗಬೇಕಾದ ವಸ್ತು ಯಾವುದು, ಅದಕ್ಕೆ ಬೇಕಾದ ಸಾಮಗ್ರಿಗಳು ಯಾವುವು, ಅದನ್ನು ಸಿದ್ಧಪಡಿಸುವ ವಿಧಾನ ಯಾವುದು. ‘ಕೂಡು’ ಕಡತದ ಅನುವಾದಕ್ಕೆ ‘ಕೂಡು’ ಮತ್ತು ‘ವಿಷಯಗಳು’ ಎಂಬ ಎರಡು ಸಾಮಗ್ರಿಗಳು ಬೇಕೆಂದು ಒಮ್ಮೆ ಬರೆದಿಟ್ಟರೆ ಸಾಕು. ಮೇಕ್ ಅದನ್ನು ಮರೆಯುವುದಿಲ್ಲ.

ಪ್ರತಿಯೊಂದು ಕಡತವೂ ಕೊನೆಯ ಸಲ ಯಾವಾಗ ಬದಲಾಯಿತು ಎಂಬುದನ್ನು ಕಾರ್ಯಾಚರಣ ವ್ಯವಸ್ಥೆಯು ತಾನಾಗಿಯೇ ಗುರುತುಮಾಡಿ ಇಟ್ಟಿರುತ್ತದೆ. ಮೇಕ್ ನೋಡುವುದು ಈ ಕಾಲಮುದ್ರೆಯನ್ನು. ಸಾಮಗ್ರಿಯು ಸಿದ್ಧವಸ್ತುವಿಗಿಂತ ಹೊಸದಾಗಿದ್ದರೆ ಆ ವಸ್ತುವನ್ನು ಮತ್ತೆ ಸಿದ್ಧಪಡಿಸಬೇಕೆಂದು ಅದು ನಿಶ್ಚಯಿಸುತ್ತದೆ. ಹಳೆಯದಾಗಿದ್ದರೆ ಕೈ ಹಚ್ಚುವುದಿಲ್ಲ. ಸಾಮಗ್ರಿಯೇ ಇನ್ನೊಂದು ನಿಯಮದಿಂದ ಸಿದ್ಧವಾಗಬೇಕಾದುದಾಗಿದ್ದರೆ ಮೊದಲು ಆ ನಿಯಮವನ್ನು ಪರಿಶೀಲಿಸುತ್ತದೆ. ಹೀಗೆ ಒಂದರ ಬೆನ್ನು ಹಿಡಿದು ಇನ್ನೊಂದಕ್ಕೆ ಇಳಿಯುತ್ತ, ತಳಪಾಯವನ್ನು ಮುಟ್ಟಿ, ಅಲ್ಲಿಂದ ಕ್ರಮವಾಗಿ ಮೇಲಕ್ಕೆ ಕಟ್ಟಿಕೊಂಡು ಬರುತ್ತದೆ. ಬೇಕಾದುದನ್ನು ಬಿಡುವುದಿಲ್ಲ, ಬೇಡವಾದುದನ್ನು ಮಾಡುವುದಿಲ್ಲ. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಅವರು ಆರಂಭಿಸಿದ ಲಿನಕ್ಸ್‌ನ ತಿರುಳಿನಲ್ಲಿ ಇಂದು ಹತ್ತಾರು ಸಾವಿರ ಕಡತಗಳಿವೆ. ಅದನ್ನು ಕಟ್ಟಲು ಬಳಸುವುದೂ ಮೇಕ್ ಅನ್ನೇ.

ಸಣ್ಣ ನಿರ್ಧಾರಗಳು ಎಷ್ಟು ದೀರ್ಘಕಾಲ ಉಳಿಯಬಲ್ಲವು ಎಂಬುದಕ್ಕೂ ಮೇಕ್ ಒಂದು ನಿದರ್ಶನ. ಮೇಕ್‌ಫೈಲಿನಲ್ಲಿ ವಿಧಾನವನ್ನು ಬರೆಯುವ ಸಾಲು ಕೀಲಿಮಣೆಯ ‘ಟ್ಯಾಬ್’ ಕೀಲಿಯಿಂದಲೇ ಆರಂಭವಾಗಬೇಕು. ಅದರ ಬದಲು ಎಂಟು ಬಾರಿ ಖಾಲಿ ಜಾಗ ಬಿಟ್ಟರೆ ಕಣ್ಣಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಆದರೆ ಮೇಕ್ ಅದನ್ನು ಒಪ್ಪದೆ ಬೇರ್ಪಡಿಸುವ ಗುರುತಿಲ್ಲವೆಂದು ದೂರಿ ನಿಂತುಬಿಡುತ್ತದೆ. ಮೊದಲ ರಚನೆಯ ಕಾಲದಲ್ಲಿ ಸುಲಭವೆಂದು ಫೆಲ್ಡ್‌ಮನ್ ಈ ಕ್ರಮವನ್ನು ಇರಿಸಿದರು. ಕೆಲವೇ ವಾರಗಳಲ್ಲಿ ಅದರ ತೊಡಕು ಅವರಿಗೆ ತಿಳಿಯಿತು. ಅಷ್ಟರಲ್ಲಿ ಸುಮಾರು ಹನ್ನೆರಡು ಮಂದಿ ಮೇಕ್ ಬಳಸಲಾರಂಭಿಸಿದ್ದರು. ಅವರಲ್ಲಿ ಬಹುಮಂದಿ ಸ್ನೇಹಿತರು. ಅವರಿಗೆ ತೊಂದರೆಯಾಗಬಾರದೆಂದು ಆ ಕ್ರಮವನ್ನು ಹಾಗೆಯೇ ಉಳಿಸಲಾಯಿತು. ಹನ್ನೆರಡು ಮಂದಿಯ ಅನುಕೂಲಕ್ಕಾಗಿ ಉಳಿದ ಆ ನಿಯಮವನ್ನು ಮುಂದಿನ ತಲೆಮಾರುಗಳ ಅಸಂಖ್ಯ ಕಾರ್ಯಕ್ರಮಕಾರರು ಪಾಲಿಸಬೇಕಾಯಿತು. ಟ್ಯಾಬ್‌ಗೆ ಬದಲಾಗಿ ಬೇರೊಂದು ಚಿಹ್ನೆಯನ್ನು ಆರಿಸಿಕೊಳ್ಳುವ ಅವಕಾಶ ‘ಗ್ನೂ ಮೇಕ್’ ಎಂಬ ರೂಪದಲ್ಲಿ ಬಂದದ್ದು 2010ರಲ್ಲಿ.

ಗ್ನೂ ಮೇಕ್ ಎಂಬುದು ಇಂದು ಹೆಚ್ಚಾಗಿ ಬಳಕೆಯಲ್ಲಿರುವ ರೂಪ. ತಂತ್ರಾಂಶವನ್ನು ಬಳಸುವ, ಅದರ ಮೂಲಪಾಠವನ್ನು ಓದುವ, ತಿದ್ದುವ, ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕೆಂಬ ಧ್ಯೇಯದಿಂದ ರಿಚರ್ಡ್ ಸ್ಟಾಲ್‌ಮನ್ ಅವರು 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. ಆ ಯೋಜನೆಯ ಅಂಗವಾಗಿ ಸ್ಟಾಲ್‌ಮನ್ ಮತ್ತು ರೋಲಂಡ್ ಮೆಕ್‌ಗ್ರಾತ್ ಅವರು ಗ್ನೂ ಮೇಕ್ ಅನ್ನು ರಚಿಸಿದರು. ಇದನ್ನು ಹಣ ತೆರದೆ ಪಡೆಯಬಹುದು.

ಇನ್ನು ಮೇಕ್ ಅನ್ನು ಮೇಜಿನ ಮೇಲಿನ ಗಣಕಯಂತ್ರದಲ್ಲಿ ಅಳವಡಿಸುವ ಕ್ರಮವನ್ನು ನೋಡಬಹುದು. ತಂತ್ರಾಂಶವನ್ನು ಅಳವಡಿಸುವುದೆಂದರೆ ಕಡತವೊಂದನ್ನು ತಂದು ಯಂತ್ರದಲ್ಲಿ ಇರಿಸುವುದಷ್ಟೇ ಅಲ್ಲ. ಅದರಲ್ಲಿ ಮೂರು ಪ್ರಶ್ನೆಗಳು ಅಡಗಿವೆ. ಎಲ್ಲಿಂದ ತರುವುದು? ಎಲ್ಲಿ ಇರಿಸುವುದು? ತಂದದ್ದು ಸರಿಯಾಗಿದೆಯೆಂದು ತಿಳಿಯುವುದು ಹೇಗೆ? ಈ ಮೂರಕ್ಕೂ ಉತ್ತರ ದೊರೆತಾಗ ಮಾತ್ರ ಅಳವಡಿಕೆ ಪೂರ್ಣವಾಯಿತೆನ್ನಬಹುದು.

ಡೆಬಿಯನ್ ಅಥವಾ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಗಳಲ್ಲಿ ಈ ಕಾರ್ಯವು ಅತಿ ಸುಲಭ. ಅಲ್ಲಿ ‘ಆಪ್ಟ್’ ಎಂಬ ಉಗ್ರಾಣಿಯಿದೆ. ಮದುವೆಯ ಮನೆಯಲ್ಲಿ ಉಗ್ರಾಣದ ಹೊಣೆ ಹೊತ್ತವನು ಕೇಳಿದ ಪದಾರ್ಥವನ್ನು ಅಳೆದು ಕೊಡುವಂತೆ ಇದು ಕೇಳಿದ ತಂತ್ರಾಂಶವನ್ನು ದೂರದ ಸಂಗ್ರಹದಿಂದ ತಂದು, ತಕ್ಕ ಸ್ಥಳದಲ್ಲಿ ಇರಿಸುತ್ತದೆ. ಆಜ್ಞೆಗಳನ್ನು ಬರೆಯುವ ಟರ್ಮಿನಲ್ ಕಿಟಕಿಯನ್ನು ತೆರೆದು, ಮೊದಲು ಸಂಗ್ರಹದ ಪಟ್ಟಿಯನ್ನು ಹೊಸದಾಗಿಸಿಕೊಳ್ಳಬೇಕು. ಅನಂತರ ‘ಸುಡೋ ಆಪ್ಟ್ ಇನ್‌ಸ್ಟಾಲ್ ಮೇಕ್’ ಎಂಬ ನಾಲ್ಕು ಪದಗಳ ಆಜ್ಞೆಯನ್ನು ಕೊಡಬೇಕು. ಇಂಥ ಆಜ್ಞೆಗಳನ್ನು ಇಂಗ್ಲಿಷ್ ಲಿಪಿಯ ಸಣ್ಣ ಅಕ್ಷರಗಳಲ್ಲಿಯೇ ಬರೆಯುವುದು ಕ್ರಮ. ‘ಸುಡೋ’ ಎಂಬುದು ಯಂತ್ರದ ಆಡಳಿತಾಧಿಕಾರವನ್ನು ಕೋರುವ ಪದ. ಎಲ್ಲರೂ ಬಳಸುವ ಸ್ಥಳದಲ್ಲಿ ಹೊಸ ವಸ್ತುವನ್ನು ಇರಿಸಲು ಅಧಿಕಾರ ಬೇಕು. ಆದ್ದರಿಂದಲೇ ವ್ಯವಸ್ಥೆಯು ಗುಪ್ತಪದವನ್ನು ಕೇಳುತ್ತದೆ.

ಮೇಸ್ತ್ರಿಯೊಬ್ಬನೇ ಬಂದರೆ ಮನೆ ಏಳುವುದಿಲ್ಲ, ಕೆಲಸಗಾರರೂ ಬೇಕು. ಮೇಕ್ ತಾನಾಗಿ ಯಾವ ಕಡತವನ್ನೂ ಅನುವಾದಿಸದು. ಕಂಪೈಲರ್ ಇಲ್ಲದ ಯಂತ್ರದಲ್ಲಿ ಸಿ ಭಾಷೆಯ ಕಾರ್ಯಕ್ರಮವನ್ನು ಕಟ್ಟಲು ಅದರಿಂದಾಗದು. ಇದನ್ನರಿತು ಡೆಬಿಯನ್ ವ್ಯವಸ್ಥೆಯವರು ಮೇಕ್, ಕಂಪೈಲರ್ ಮತ್ತು ಇತರ ಅಗತ್ಯ ಸಾಮಗ್ರಿಗಳನ್ನು ‘ಬಿಲ್ಡ್-ಎಸೆನ್ಷಿಯಲ್’ ಎಂಬ ಒಂದೇ ಕಟ್ಟಿನಲ್ಲಿ ಒದಗಿಸಿದ್ದಾರೆ.

ವಿಂಡೋಸ್ ವ್ಯವಸ್ಥೆಯಲ್ಲಿ ಮೇಕ್ ಮೊದಲಿನಿಂದಲೇ ಇರುವುದಿಲ್ಲ. ‘ಎಂಎಸ್‌ವೈಎಸ್2’ ಮುಂತಾದ ಮುಕ್ತ ತಂತ್ರಾಂಶ ಸಮುಚ್ಚಯಗಳಿಂದ ಅದನ್ನು ಪಡೆಯಬಹುದು. ಆದರೆ ಕಲಿಯುವವರು ಎಡವುವುದು ಪಡೆಯುವಲ್ಲಿ ಅಲ್ಲ, ಅನಂತರದ ಹೆಜ್ಜೆಯಲ್ಲಿ. ಕಡತವು ಯಂತ್ರದಲ್ಲಿ ಬಂದು ಕುಳಿತಿರುತ್ತದೆ. ಆದರೂ ಆಜ್ಞೆಯ ಕಿಟಕಿಯಲ್ಲಿ ‘ಮೇಕ್’ ಎಂದು ಬರೆದೊಡನೆ, ಅದು ಒಳಗಿನ ಅಥವಾ ಹೊರಗಿನ ಆಜ್ಞೆಯೆಂದು ಗುರುತಾಗಲಿಲ್ಲ ಎಂಬ ಉತ್ತರ ಬರುತ್ತದೆ. ಮನೆಯಲ್ಲಿಯೇ ಇರುವ ವ್ಯಕ್ತಿಯನ್ನು ಊರಲ್ಲಿಲ್ಲ ಎಂದಂತಾಯಿತು!

ಇದಕ್ಕೆ ಕಾರಣವುಂಟು. ಆಜ್ಞೆಯೊಂದನ್ನು ಕೊಟ್ಟಾಗ ಗಣಕಯಂತ್ರವು ತನ್ನಲ್ಲಿರುವ ಎಲ್ಲ ಫೋಲ್ಡರುಗಳನ್ನೂ ಹುಡುಕುವುದಿಲ್ಲ. ಹಾಗೆ ಹುಡುಕಿದರೆ ಒಂದೊಂದು ಆಜ್ಞೆಗೂ ಬಹುಕಾಲ ಹಿಡಿಯುತ್ತದೆ. ಎಲ್ಲೆಲ್ಲಿ ಹುಡುಕಬೇಕೆಂಬುದರ ಪಟ್ಟಿಯೊಂದನ್ನು ಅದು ಇರಿಸಿಕೊಂಡಿರುತ್ತದೆ. ಆ ಪಟ್ಟಿಯ ಹೆಸರು ‘ಪಾತ್’, ಎಂದರೆ ದಾರಿ. ಅಂಚೆಯವನು ತನಗೆ ಗೊತ್ತುಮಾಡಿದ ಬೀದಿಗಳಲ್ಲಿ ಮಾತ್ರ ಸಂಚರಿಸುವಂತೆ ಯಂತ್ರವು ಈ ಪಟ್ಟಿಯಲ್ಲಿರುವ ಫೋಲ್ಡರುಗಳನ್ನು ಮಾತ್ರ ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ನೋಡುತ್ತದೆ. ಹೊಸ ಮೇಕ್ ಇರುವ ಫೋಲ್ಡರಿನ ವಿಳಾಸವನ್ನು ಆ ಪಟ್ಟಿಗೆ ಸೇರಿಸದಿದ್ದರೆ ಅದು ಅಲ್ಲಿಗೆ ಹೋಗುವುದೇ ಇಲ್ಲ.

ವಿಂಡೋಸ್‌ನ ಸಿಸ್ಟಂ ವಿವರಗಳಲ್ಲಿ ‘ಎನ್ವಿರಾನ್‌ಮೆಂಟ್ ವೇರಿಯಬಲ್ಸ್’ ಎಂಬ ಪುಟವನ್ನು ತೆರೆದು, ಅಲ್ಲಿ ಪಾತ್ ಎಂಬುದನ್ನು ಆರಿಸಿ, ಮೇಕ್ ಇರುವ ಫೋಲ್ಡರಿನ ವಿಳಾಸವನ್ನು ಹೊಸ ಸಾಲಾಗಿ ಸೇರಿಸಬೇಕು. ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ಪಟ್ಟಿಯಲ್ಲಿ ಮೊದಲೇ ಇರುವ ಸಾಲುಗಳನ್ನು ಅಳಿಸಬಾರದು. ಅಳಿಸಿದರೆ ಬೇರೆ ತಂತ್ರಾಂಶಗಳ ದಾರಿ ತಪ್ಪುತ್ತದೆ. ಎರಡನೆಯದಾಗಿ, ಮೊದಲೇ ತೆರೆದಿದ್ದ ಆಜ್ಞೆಯ ಕಿಟಕಿಯನ್ನು ಮುಚ್ಚಿ ಹೊಸದನ್ನು ತೆರೆಯಬೇಕು. ಪ್ರತಿಯೊಂದು ಕಿಟಕಿಯೂ ತಾನು ತೆರೆದ ಕ್ಷಣದಲ್ಲಿ ಪಟ್ಟಿಯ ಪ್ರತಿಯೊಂದನ್ನು ಮಾಡಿಕೊಂಡಿರುತ್ತದೆ. ಅನಂತರ ಆದ ತಿದ್ದುಪಡಿ ಅದಕ್ಕೆ ತಿಳಿಯದು. ಹಳೆಯ ಪ್ರತಿಯನ್ನು ನಂಬಿ ಮೋಸಹೋಗುವ ಈ ಪ್ರಸಂಗವು ಜಾನ್ಸನ್ ಅವರ ಆ ಬೆಳಗಿನ ಪ್ರಸಂಗವನ್ನೇ ನೆನಪಿಗೆ ತರುತ್ತದೆ.

ಗ್ನೂ ಮೇಕ್‌ನ ಮೂಲಪಾಠವನ್ನೇ ತಂದು, ತನ್ನ ಯಂತ್ರದಲ್ಲಿ ತಾನೇ ಕಟ್ಟಿಕೊಳ್ಳುವ ಮೂರನೆಯ ಮಾರ್ಗವೂ ಉಂಟು. ಆದರೆ ಇಲ್ಲಿ ಕುತೂಹಲಕರವಾದ ಪ್ರಶ್ನೆಯೊಂದು ಎದುರಾಗುತ್ತದೆ. ತಂತ್ರಾಂಶವನ್ನು ಕಟ್ಟಲು ಮೇಕ್ ಬೇಕು. ಮೇಕ್ ಕೂಡ ಒಂದು ತಂತ್ರಾಂಶ. ಹಾಗಾದರೆ ಮೇಕ್ ಇಲ್ಲದ ಯಂತ್ರದಲ್ಲಿ ಮೊದಲ ಮೇಕ್ ಅನ್ನು ಕಟ್ಟುವವರು ಯಾರು? ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ಹಳೆಯ ಪ್ರಶ್ನೆಯೇ ಇದು. ಗ್ನೂ ಮೇಕ್‌ನ ಕರ್ತೃಗಳು ಇದನ್ನು ಮುಂಚೆಯೇ ಯೋಚಿಸಿದ್ದಾರೆ. ಮೂಲಪಾಠದ ಕಟ್ಟಿನೊಳಗೆ ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗಾಗಿ ‘ಬಿಲ್ಡ್’ ಎಂಬ ಹೆಸರಿನ ಆಜ್ಞಾಪಟ್ಟಿಯೊಂದನ್ನೂ, ವಿಂಡೋಸ್‌ಗಾಗಿ ಅಂಥದೇ ಇನ್ನೊಂದನ್ನೂ ಸೇರಿಸಿದ್ದಾರೆ. ಅದಕ್ಕೆ ಮೇಕ್‌ನ ಜಾಣತನವಿಲ್ಲ. ಕಾಲಮುದ್ರೆಗಳನ್ನು ನೋಡದೆ ಕಡತಗಳನ್ನು ಒಂದೊಂದಾಗಿ ಅನುವಾದಿಸಿ ಬೆಸೆಯುವುದಷ್ಟೇ ಅದರ ಕೆಲಸ. ಕಮಾನು ಕಟ್ಟುವಾಗ ಮೊದಲು ಮರದ ಅಚ್ಚನ್ನು ನಿಲ್ಲಿಸಿ, ಕಲ್ಲುಗಳು ಕೂಡಿಕೊಂಡ ಮೇಲೆ ಅದನ್ನು ತೆಗೆದುಬಿಡುವಂತೆ, ಮೊದಲ ಮೇಕ್ ಸಿದ್ಧವಾದ ಬಳಿಕ ಆ ಪಟ್ಟಿಯ ಅಗತ್ಯವಿರುವುದಿಲ್ಲ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಗಹನವಾದುದು. ತಂದ ವಸ್ತು ನಂಬಿಕೆಗೆ ಅರ್ಹವೇ? ನಿರ್ಮಾಣ ಸಾಧನದ ವಿಷಯದಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಬಾವಿಯ ನೀರು ಕೆಟ್ಟರೆ ಆ ನೀರಿನಿಂದ ಮಾಡಿದ ಅಡುಗೆಯೆಲ್ಲ ಕೆಡುತ್ತದೆ. ಹಾಗೆಯೇ ಕಟ್ಟುವ ಸಾಧನದಲ್ಲಿ ಕೇಡು ಅಡಗಿದ್ದರೆ ಅದರಿಂದ ಕಟ್ಟಿದ ಪ್ರತಿಯೊಂದು ತಂತ್ರಾಂಶಕ್ಕೂ ಅದು ಹರಡಬಲ್ಲದು. ಯುನಿಕ್ಸ್‌ನ ಕರ್ತೃಗಳಲ್ಲೊಬ್ಬರಾದ ಕೆನ್ ಥಾಂಪ್ಸನ್ ಅವರು ಟ್ಯೂರಿಂಗ್ ಪ್ರಶಸ್ತಿಯನ್ನು ಸ್ವೀಕರಿಸಿ ಮಾಡಿದ ಭಾಷಣ 1984ರಲ್ಲಿ ಅಚ್ಚಾಯಿತು. ಅದರ ವಸ್ತು ಇದೇ. ಕಂಪೈಲರಿನೊಳಗೆ ದುಷ್ಟ ಆಜ್ಞೆಯೊಂದನ್ನು ಬಚ್ಚಿಟ್ಟರೆ, ಮೂಲಪಾಠವನ್ನು ಎಷ್ಟು ಓದಿದರೂ ಅದು ಕಾಣದಂತೆ ಮಾಡಬಹುದೆಂದು ಅವರು ತೋರಿಸಿಕೊಟ್ಟರು.

ಈ ಅಪಾಯದಿಂದ ಪಾರಾಗಲು ಕೆಲವು ರಕ್ಷಣೋಪಾಯಗಳಿವೆ. ತಂತ್ರಾಂಶವನ್ನು ಹಂಚುವವರು ಅದರೊಡನೆ ಒಂದು ‘ಬೆರಳಚ್ಚನ್ನು’ ಪ್ರಕಟಿಸುತ್ತಾರೆ. ಕಡತದ ಒಳಗಿನ ಎಲ್ಲ ಮಾಹಿತಿಯಿಂದ ಲೆಕ್ಕಹಾಕಿ ತೆಗೆದ ಅಂಕಿ-ಅಕ್ಷರಗಳ ಸಾಲು ಅದು. ‘ಎಸ್‌ಎಚ್‌ಎ-256’ ಎಂಬ ವಿಧಾನದಲ್ಲಿ ಆ ಸಾಲಿನ ಉದ್ದ 64 ಅಂಕಿ-ಅಕ್ಷರಗಳು. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಬೆರಳಚ್ಚು ಪೂರ್ತಿಯಾಗಿ ಬೇರೆಯಾಗುತ್ತದೆ. ಕಡತವನ್ನು ತಂದವರು ತಮ್ಮ ಯಂತ್ರದಲ್ಲಿ ಅದೇ ಲೆಕ್ಕವನ್ನು ಮಾಡಿ ಹೋಲಿಸಿ ನೋಡಬೇಕು. ಇದಲ್ಲದೆ ಹಂಚುವವರ ವಿದ್ಯುನ್ಮಾನ ಸಹಿಯನ್ನೂ ಪರಿಶೀಲಿಸಬಹುದು. ಲಿನಕ್ಸ್‌ನ ಆಪ್ಟ್ ಈ ಎರಡು ಕೆಲಸಗಳನ್ನೂ ತಾನಾಗಿಯೇ ಮಾಡುತ್ತದೆ.

ಆದರೂ ಯಂತ್ರದ ಪರೀಕ್ಷೆಗಳಷ್ಟೇ ಸಾಲವು ಎಂಬುದಕ್ಕೆ 2024ರಲ್ಲಿ ನಡೆದ ಘಟನೆಯೊಂದು ಸಾಕ್ಷಿ. ‘ಎಕ್ಸ್‌ಜೆಡ್’ ಎಂಬುದು ಕಡತಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶ. ಲಿನಕ್ಸ್ ಯಂತ್ರಗಳಲ್ಲಿ ಅದು ಬಹಳ ಬಳಕೆಯಲ್ಲಿದೆ. ಸುಮಾರು ಎರಡು ವರ್ಷ ಕಾಲ ನೆರವಾಗುವವನಂತೆ ದುಡಿದು, ಅದರ ಉಸ್ತುವಾರಿಯಲ್ಲಿ ಪಾಲು ಪಡೆದಿದ್ದ ವ್ಯಕ್ತಿಯೊಬ್ಬ ಅದರಲ್ಲಿ ರಹಸ್ಯದ ಹಿಂಬಾಗಿಲೊಂದನ್ನು ಇರಿಸಿದ. ಅನ್ಯರ ಯಂತ್ರಗಳೊಳಗೆ ನುಸುಳಲು ಅದು ದಾರಿ ಮಾಡಿಕೊಡುತ್ತಿತ್ತು. ಅದನ್ನು ಚುರುಕುಗೊಳಿಸುವ ಸಾಲುಗಳು ಎಲ್ಲರೂ ಓದಬಹುದಾದ ಮೂಲಪಾಠದ ಭಂಡಾರದಲ್ಲಿ ಇರಲಿಲ್ಲ. ಹಂಚುವುದಕ್ಕಾಗಿ ಸಿದ್ಧಪಡಿಸಿದ ಕಟ್ಟಿನ ನಿರ್ಮಾಣಸೂಚಿಗಳಲ್ಲಿ ಅಡಗಿದ್ದವು. ಕಟ್ಟುವ ಗಳಿಗೆಯಲ್ಲಿ ಮಾತ್ರ ವಿಷವು ಒಳಸೇರುತ್ತಿತ್ತು. ಆ ಕಟ್ಟಿಗೆ ಉಸ್ತುವಾರಿಯ ಸಹಿಯೂ ಇತ್ತು.

ಅದನ್ನು ಪತ್ತೆಹಚ್ಚಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು. ದೂರದ ಯಂತ್ರವನ್ನು ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡಿನಷ್ಟು ಹೆಚ್ಚು ವಿಳಂಬವಾಗುವುದನ್ನು ಅವರು ಗಮನಿಸಿದರು. ಬೇರೆಯವರಾಗಿದ್ದರೆ ಅದನ್ನು ಅಲಕ್ಷಿಸುತ್ತಿದ್ದರೇನೋ. ಫ್ರಾಯಿಂಡ್ ಕಾರಣವನ್ನು ಬೆನ್ನಟ್ಟಿ ಹೋದರು. 2024ರ ಮಾರ್ಚ್ 29ರಂದು ತಾವು ಕಂಡದ್ದನ್ನು ಲೋಕಕ್ಕೆ ತಿಳಿಸಿದರು. ಕೇಡು ಹೆಚ್ಚಿನ ಯಂತ್ರಗಳಿಗೆ ಹರಡುವ ಮೊದಲೇ ಆ ಆವೃತ್ತಿಗಳನ್ನು ಹಿಂತೆಗೆಯಲಾಯಿತು. ಅರ್ಧ ಸೆಕೆಂಡನ್ನು ಕಡೆಗಣಿಸದ ಒಬ್ಬ ಮನುಷ್ಯನ ಎಚ್ಚರವು ಅಸಂಖ್ಯ ಯಂತ್ರಗಳನ್ನು ಕಾಪಾಡಿತು.

ಅಳವಡಿಸಿದ ಮೇಲೆ ಮೇಕ್ ಅನ್ನು ಪರೀಕ್ಷಿಸಿ ನೋಡುವುದು ಕೊನೆಯ ಹೆಜ್ಜೆ. ಆಜ್ಞೆಯ ಕಿಟಕಿಯಲ್ಲಿ ಮೇಕ್ ಎಂದು ಬರೆದು, ಸ್ವಲ್ಪ ಜಾಗ ಬಿಟ್ಟು, ಎರಡು ಅಡ್ಡಗೆರೆಗಳ ಮುಂದೆ ‘ವರ್ಷನ್’ ಎಂಬ ಪದವನ್ನು ಸೇರಿಸಿದರೆ ಅದು ತನ್ನ ಹೆಸರನ್ನೂ ಆವೃತ್ತಿಯ ಸಂಖ್ಯೆಯನ್ನೂ ಹೇಳುತ್ತದೆ. ಕೆಲವೊಮ್ಮೆ ಹೊಸ ಮೇಕ್ ಅಳವಡಿಸಿದ್ದರೂ ಹಳೆಯ ಸಂಖ್ಯೆಯೇ ಕಾಣಬಹುದು. ಯಂತ್ರದಲ್ಲಿ ಎರಡು ಮೇಕ್‌ಗಳಿದ್ದು, ಪಾತ್ ಪಟ್ಟಿಯಲ್ಲಿ ಹಳೆಯದರ ವಿಳಾಸವು ಮೊದಲು ಬಂದಿದೆಯೆಂದು ಆಗ ತಿಳಿಯಬೇಕು.

ಅನಂತರ ನಾಲ್ಕಾರು ಸಾಲಿನ ಮೇಕ್‌ಫೈಲೊಂದನ್ನು ಬರೆದು, ಅದೇ ಫೋಲ್ಡರಿನಲ್ಲಿ ಮೇಕ್ ಎಂಬ ಆಜ್ಞೆಯನ್ನು ಕೊಡಬೇಕು. ಮೊದಲ ಸಲ ಅದು ಎಲ್ಲವನ್ನೂ ಕಟ್ಟುತ್ತದೆ. ಏನನ್ನೂ ಬದಲಿಸದೆ ಎರಡನೆಯ ಸಲ ಆಜ್ಞಾಪಿಸಿದರೆ, ವಸ್ತುವು ಈಗಾಗಲೇ ಸಿದ್ಧವಾಗಿದೆ ಎಂದು ತಿಳಿಸಿ ಸುಮ್ಮನಾಗುತ್ತದೆ. ಸೋಮಾರಿತನದಂತೆ ಕಾಣುವ ಈ ಮೌನವೇ ಮೇಕ್‌ನ ದಕ್ಷತೆಯ ಗುರುತು. ಒಂದು ಕಡತವನ್ನು ತಿದ್ದಿ ಮೂರನೆಯ ಸಲ ಆಜ್ಞಾಪಿಸಿದರೆ ಆ ತಿದ್ದುಪಡಿಗೆ ಸಂಬಂಧಿಸಿದ ಭಾಗಗಳನ್ನು ಮಾತ್ರ ಮತ್ತೆ ಕಟ್ಟುತ್ತದೆ. ಈ ಮೂರು ಪರೀಕ್ಷೆಗಳಲ್ಲಿ ಗೆದ್ದರೆ ಮೇಸ್ತ್ರಿಯು ಕೆಲಸಕ್ಕೆ ಸಿದ್ಧನಾದನೆಂದೇ ಅರ್ಥ.

ಮೇಕ್‌ನ ಅನಂತರ ಬೇರೆ ನಿರ್ಮಾಣ ಸಾಧನಗಳೂ ಬಂದವು. ಜಾವಾ ಭಾಷೆಯ ಕಾರ್ಯಕ್ರಮಗಳಿಗಾಗಿ ಆ್ಯಂಟ್, ಮೇವನ್, ಗ್ರೇಡಲ್‌ಗಳೂ, ಬೇರೆಬೇರೆ ವ್ಯವಸ್ಥೆಗಳಿಗೆ ಹೊಂದುವ ನಿರ್ಮಾಣಸೂಚಿಗಳನ್ನು ಬರೆದುಕೊಡುವ ಸಿಮೇಕ್ ಎಂಬುದೂ ಬಳಕೆಗೆ ಬಂದವು. ಇವುಗಳ ರೂಪ ಬೇರೆ, ಭಾಷೆ ಬೇರೆ. ಆದರೆ ಯಾವುದು ಯಾವುದನ್ನು ಆಶ್ರಯಿಸಿದೆ ಎಂಬುದನ್ನು ಮೊದಲು ತಿಳಿದು, ಆ ಕ್ರಮದಲ್ಲಿ ಕೆಲಸ ಮಾಡುವ ತತ್ತ್ವ ಎಲ್ಲದರಲ್ಲಿಯೂ ಒಂದೇ.

ಯಂತ್ರವು ಮರೆಯುವುದಿಲ್ಲ, ಆದರೆ ಯಾವುದನ್ನು ನೆನಪಿಡಬೇಕೆಂದು ಅದಕ್ಕೆ ಮನುಷ್ಯನೇ ಹೇಳಬೇಕು. ‘ಕೂಡು’ ಕಡತವು ‘ವಿಷಯಗಳು’ ಕಡತವನ್ನು ಆಶ್ರಯಿಸಿದೆಯೆಂದು ಮೇಕ್‌ಫೈಲಿನಲ್ಲಿ ಬರೆಯದಿದ್ದರೆ ಮೇಕ್ ಇದ್ದರೂ ವಿದ್ಯಾರ್ಥಿನಿಯ ಅಂಕಪಟ್ಟಿ ತಪ್ಪುತ್ತದೆ. ಕ್ರಮವನ್ನು ಕಾಯುವುದು ಸಾಧನದ ಕೆಲಸ. ಕ್ರಮವನ್ನು ಅರಿಯುವುದೂ ಅರ್ಧ ಸೆಕೆಂಡಿನ ವ್ಯತ್ಯಾಸಕ್ಕೂ ಎಚ್ಚರವಾಗಿರುವುದೂ ಮನುಷ್ಯನ ಕೆಲಸ.

ಅಭ್ಯಾಸ

1. ಸ್ಟೀವ್ ಜಾನ್ಸನ್ ಅವರ ಒಂದು ಬೆಳಗಿನ ಹೊತ್ತು ವ್ಯರ್ಥವಾದುದು ಹೇಗೆ?
2. ಮೇಕ್‌ಫೈಲಿನ ನಿಯಮವೊಂದರಲ್ಲಿರುವ ಮೂರು ಅಂಗಗಳು ಯಾವುವು?
3. ಕಡತವನ್ನು ಮತ್ತೆ ಅನುವಾದಿಸಬೇಕೇ ಬೇಡವೇ ಎಂಬುದನ್ನು ಮೇಕ್ ಹೇಗೆ ನಿಶ್ಚಯಿಸುತ್ತದೆ?
4. ‘ಮನೆಯಲ್ಲಿಯೇ ಇರುವ ವ್ಯಕ್ತಿಯನ್ನು ಊರಲ್ಲಿಲ್ಲ ಎಂದಂತಾಯಿತು’ – ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
5. ಮೊದಲ ಮೇಕ್ ಅನ್ನು ಕಟ್ಟುವ ಸಮಸ್ಯೆಯನ್ನು ಗ್ನೂ ಮೇಕ್‌ನ ಕರ್ತೃಗಳು ಪರಿಹರಿಸಿದ ಬಗೆಯನ್ನು ಬರೆಯಿರಿ.
6. 2024ರ ಎಕ್ಸ್‌ಜೆಡ್ ಘಟನೆಯಿಂದ ತಿಳಿದುಬರುವ ನೀತಿಯೇನು?
7. ನಿಮ್ಮ ಮನೆಯಲ್ಲಿ ಅಥವಾ ಊರಿನಲ್ಲಿ ಹಂತಹಂತವಾಗಿ ನಡೆಯುವ ಒಂದು ಕೆಲಸವನ್ನು ಆರಿಸಿಕೊಂಡು, ಅದರಲ್ಲಿ ಯಾವುದು ಯಾವುದನ್ನು ಆಶ್ರಯಿಸಿದೆ ಎಂಬುದನ್ನು ಪಟ್ಟಿಮಾಡಿರಿ.